ನೆತ್ತರು ಕಾಯಿಸಿದ ಓಬಕ್ಕ

ಬಹಳ ಹಿಂದೆ. ಎಷ್ಟು ಹಿಂದೆ ಅಂತ ಕೇಳಿದರೆ ಸೀಳುಗಲ್ಲಿನ ಮುದುಕಿಯರು ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಬೀಸಿ, ಅಷ್ಟು ಹಿಂದೆ ಅನ್ನುತ್ತಾರೆ. ಆಗ ಸಿನಿಮಾ ಬೀಳುತ್ತಿದ್ದದ್ದು ಟೆಂಟಿನ ಬಟ್ಟೆಯ ಮೇಲೆ. ಗಾಳಿ ಬೀಸಿದರೆ ಹೀರೋನ ಮೂಗು ಒಮ್ಮೆ ಉದ್ದ, ಒಮ್ಮೆ ಮೊಂಡ. ಅಂಥ ಕಾಲದಲ್ಲಿ ಸೀಳುಗಲ್ಲು ಅನ್ನೋ ಊರಲ್ಲಿ ಓಬಳಮ್ಮ ಅಂತ ಒಬ್ಬಳಿದ್ದಳು. ಊರೆಲ್ಲ ಓಬಕ್ಕ ಅನ್ನುತ್ತಿತ್ತು. ಅವಳು ನೆತ್ತರು ಕಾಯಿಸುತ್ತಿದ್ದಳು.

ಹೆದರಬೇಡಿ, ಬೆಲ್ಲದ ನೆತ್ತರು. ಅವಳ ಬಾಣಲೆಯಲ್ಲಿ ಕುದ್ದು ಇಳಿದ ನೆತ್ತರಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು, ಸತ್ತವರೆಲ್ಲ ಎದ್ದು ತುಟಿ ನೆಕ್ಕಿಕೊಂಡು ಊಟಕ್ಕೆ ಹೋದರು ಅಂತಾರೆ. ಲೋಕದಲ್ಲಿ ಬೇರೆ ಬೇರೆ ಊರಿನ ನೆತ್ತರು ನೋಡಿ ಬಂದವರಿದ್ದಾರೆ. ಹೀಗೆ ನೆಕ್ಕುವಂಥ ನೆತ್ತರು ಇನ್ನೆಲ್ಲೂ ಇರಲಿಲ್ಲವಂತೆ.

ಊರು ಅಂದರೆ ಏನು, ಒಂದು ಗುಡ್ಡ, ಗುಡ್ಡದ ಹೊಟ್ಟೆ ಬಗೆದ ಕಲ್ಲಿನ ಕ್ವಾರಿ, ಕ್ವಾರಿಯ ಬಾಯಲ್ಲಿ ಗುಡಿಸಲುಗಳ ಸಾಲು. ಗಂಡಸರು ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವರು. ಹೆಂಗಸರು ಸಿಡಿದದ್ದನ್ನು ಕುಟ್ಟಿ ಜಲ್ಲಿ ಮಾಡುವರು. ಗುಡ್ಡ ಕಂಟ್ರಾಕ್ಟರ್ ಚನ್ನರಾಯಪ್ಪನದು, ಗುಡಿಸಲು ಅವನದು, ಕುಡಿಯುವ ನೀರಿನ ತೊಟ್ಟಿ ಅವನದು. ನೆರಳೊಂದು ಮಾತ್ರ ಅವರವರದು ಅಂತ ಜನ ನಗುತ್ತಿದ್ದರು.

ಓಬಕ್ಕ ಮೊದಲು ಕಾಯಿಸುತ್ತಿದ್ದದ್ದು ಕಡಲೆಮಿಠಾಯಿಯ ಪಾಕ. ಅದನ್ನು ಬುಟ್ಟಿಯಲ್ಲಿ ಹೊತ್ತು ಕ್ವಾರಿಯ ಅಂಚಿನಲ್ಲಿ ಮಾರುವಳು. ಗಂಡ ಕದಿರಪ್ಪ ಮದ್ದಿನ ತೂತು ಕೊರೆಯುವವನು. ಆನೆಯಂಥ ಮೈ, ಇಷ್ಟು ದಪ್ಪ ಮೀಸೆ, ದನಿ ಮಾತ್ರ ಹಾಲು ಕುಡಿಯುವ ಬೆಕ್ಕಿನಂಥದು. ಮಧ್ಯಾಹ್ನ ಅವಳು ಅಂಚಿಗೆ ಬಂದು, ಏ ಕದಿರಪ್ಪಾ, ಊಟ, ಅಂತ ಕೂಗುವಳು. ಗಂಡನ ಹೆಸರು ಹಿಡಿದು ಕೂಗುತ್ತಾಳಲ್ಲ ಅಂತ ಅತ್ತೆ ಎದೆ ಬಡಿದುಕೊಳ್ಳುವಳು. ರೀ ಅಂದರೆ ಕೆಳಗೆ ಹತ್ತು ಜನ ತಿರುಗಿ ನೋಡ್ತಾರೆ ಅತ್ತೆ, ಹತ್ತು ಜನಕ್ಕೆ ನಾನು ಮುದ್ದೆ ತಂದಿಲ್ಲ, ಅಂತ ಓಬಕ್ಕ ಅನ್ನುವಳು. ಕೆಳಗಿನಿಂದ ಸಣ್ಣಗೆ ಓ ಅಂತ ಬರುವುದು. ಆ ಓ ಅವಳಿಗೆ ಮಾತ್ರ ಕೇಳಿಸುವುದು.

ಹೀಗಿರುವಾಗ ಒಂದು ದಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಕಲ್ಲು ಸಾಲದಾಗಿತ್ತು. ಚನ್ನರಾಯಪ್ಪನಿಗೆ ಅವಸರ. ಕೆಳಗೆ ಯಾರಿದ್ದಾರೆ, ಯಾರು ಮೇಲೆ ಬಂದಿದ್ದಾರೆ ಅಂತ ನೋಡದೆ ಬತ್ತಿ ಹಚ್ಚಿಸಿದ. ಗುಡ್ಡದ ಒಂದು ಪಕ್ಕೆ ಕುಸಿಯಿತು. ಧೂಳು ಇಳಿದ ಮೇಲೆ ಎಲ್ಲರೂ ಕೆಮ್ಮುತ್ತ ಮೇಲೆ ಬಂದರು, ಕದಿರಪ್ಪ ಬರಲಿಲ್ಲ.

ಓಬಕ್ಕ ಅಂಚಿನಲ್ಲಿ ನಿಂತು ಕೂಗಿದಳು. ಕಲ್ಲಿನಡಿಯಿಂದ ಸಣ್ಣಗೆ ಓ ಅಂತ ಬಂತು.

ಅವಳು ಓಡಿದಳು. ಚನ್ನರಾಯಪ್ಪನ ಕಾಲು ಹಿಡಿದಳು. ಇದ್ದಾನೆ, ಕಲ್ಲು ತೆಗೆಸಿ, ಉಸಿರಿದೆ, ಅಂದಳು. ಚನ್ನರಾಯಪ್ಪ ಕಲ್ಲಿನ ರಾಶಿ ನೋಡಿದ, ಲಾರಿಗಳನ್ನು ನೋಡಿದ. ಕಲ್ಲು ತೆಗೆಸಿದರೆ ಕೆಳಗೆ ಮನುಷ್ಯ ಇದ್ದಾನೆ ಅಂತ ಒಪ್ಪಿದ ಹಾಗೆ. ಒಪ್ಪಿದರೆ ಕ್ವಾರಿಗೆ ಬೀಗ. ಅವನು ಕಾಲು ಬಿಡಿಸಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ, ತೀರ ಮೆತ್ತಗೆ ಹೇಳಿದನಂತೆ: "ಆ ಹೆಸರಿನವರು ಯಾರೂ ಇವತ್ತು ಕೆಲಸಕ್ಕೆ ಬಂದಿಲ್ಲವಲ್ಲಮ್ಮ."

ಎಲ್ಲಿಗೋ ಹೋಗಿರುತ್ತಾನೆ, ಬರುತ್ತಾನೆ ಅಂದ. ಓ ಅಂದಿದ್ದು ಗುಡ್ಡ, ನಿನ್ನ ದನಿಯನ್ನೇ ನಿನಗೆ ಕೊಡುತ್ತಿದೆ ಅಂದ. ಅವಳು ಸುತ್ತ ನಿಂತವರ ಮುಖ ನೋಡಿದಳು. ಬೆಳಿಗ್ಗೆ ಕದಿರಪ್ಪನ ಜೊತೆ ಬೀಡಿ ಹಂಚಿಕೊಂಡವರೇ. ಗುಡಿಸಲು ಅವನದು, ನೀರು ಅವನದು. ಎಲ್ಲರೂ ನೆಲ ನೋಡಿದರು. ಕದಿರಪ್ಪನ ಬೆನ್ನಿಗೆ ಬಿದ್ದ ತಮ್ಮ ಯಲ್ಲಪ್ಪನೂ ನೆಲ ನೋಡಿದ. ಅವಳೊಬ್ಬಳೇ ಉಗುರು ಕಿತ್ತು ಬರುವ ತನಕ ಕಲ್ಲು ಎಳೆದಳು. ಕೂಗಿದಳು, ಎಳೆದಳು, ಕೂಗಿದಳು. ಮರುದಿನ ಓ ಸಣ್ಣಗಾಯಿತು. ಆಮೇಲೆ ಬರೀ ಗುಡ್ಡ.

ಆ ಕಡೆಯ ಗುಂಡಿಯನ್ನು ಹಾಗೇ ಬಿಟ್ಟು ಚನ್ನರಾಯಪ್ಪ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕೆಲಸ ಹಚ್ಚಿದ. ಓಬಕ್ಕ ಅತ್ತ ಮುತ್ತೈದೆಯೂ ಅಲ್ಲ, ಇತ್ತ ಮುಂಡೆಯೂ ಅಲ್ಲ ಅನ್ನುವಂತಾದಳು. ಸತ್ತ ಅನ್ನಲು ಹೆಣವಿಲ್ಲ. ಇದ್ದಾನೆ ಅನ್ನಲು ಗಂಡನಿಲ್ಲ. ಆರತಿಗೆ ಕರೆಯುವುದೋ ಬಿಡುವುದೋ ತಿಳಿಯದೆ ಹೆಂಗಸರು ಅವಳ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಿ ಮುಂದೆ ಹೋಗುತ್ತಿದ್ದರು. ಅವಳಿಗೆ ಬೇಕಿದ್ದದ್ದು ಒಂದೇ. ಕದಿರಪ್ಪ ಅವತ್ತು ಕೆಲಸಕ್ಕೆ ಬಂದಿದ್ದ ಅಂತ ಚನ್ನರಾಯಪ್ಪ ಬಾಯಿ ಬಿಟ್ಟು ಹೇಳಬೇಕು, ಆ ಕಲ್ಲು ತೆಗೆಸಬೇಕು. ಹಾಗಂತ ಅವಳು ಯಾರಿಗೂ ಹೇಳಲಿಲ್ಲ. ಪಾಕ ಕಾಯಿಸಿದಳು, ಮಿಠಾಯಿ ತಟ್ಟಿದಳು, ಮಾರಿದಳು.

ಆ ಬಿಟ್ಟ ಗುಂಡಿಗೇ ಸಿನಿಮಾ ಬಂತು.

ಡೈರೆಕ್ಟರ್ ರಮಾಕಾಂತ ಅಂತ ಒಬ್ಬ. ಗುಜರಿಗೆ ಹೋಗಬೇಕಾದ ವ್ಯಾನು, ಬಾಡಿಗೆ ಕ್ಯಾಮೆರಾ, ಬಾಯಲ್ಲಿ ಸದಾ ಅಡಿಕೆ. ಅವನ ಕಥೆಗಳೆಲ್ಲ ಒಂದೇ ಕಥೆ. ಯಾರದೋ ತಂಗಿಗೆ ಅನ್ಯಾಯವಾಗುತ್ತದೆ, ಇಲ್ಲ ಯಾರದೋ ಅಪ್ಪನಿಗೆ. ಕಾನೂನು ನಿದ್ದೆ ಮಾಡುತ್ತದೆ. ಒಬ್ಬ ಗಂಡಸು ಕೊಡಲಿ ಮಸೆಯುತ್ತಾನೆ. ಕೊನೆಗೆ ಎಲ್ಲರೂ ಒಂದು ಕ್ವಾರಿಗೆ ಬಂದು ಸಾಯುತ್ತಾರೆ. ಕ್ವಾರಿಗೆ ಯಾಕೆ ಬರುತ್ತಾರೆ ಅಂತ ಕೇಳಿದರೆ, ಬಾಡಿಗೆ ಇಲ್ಲವಲ್ಲ, ಅದಕ್ಕೆ, ಅಂತ ರಮಾಕಾಂತ ಸತ್ಯ ಹೇಳುತ್ತಿದ್ದ. ಸೀಳುಗಲ್ಲಿನ ಜನ ಟೆಂಟಿನಲ್ಲಿ ಕೂತು ತಂಗಿಗೆ ಅತ್ತರು, ಕೊಡಲಿಗೆ ಸಿಳ್ಳೆ ಹಾಕಿದರು. ಬಟ್ಟೆಯ ಮೇಲಾದರೂ ತಮ್ಮ ಬಂಡೆಯ ಮೇಲೆ ನ್ಯಾಯ ಆಗುತ್ತಿತ್ತಲ್ಲ.

ಮೊದಲ ಸಿನಿಮಾದಲ್ಲಿ ನೆತ್ತರಿಗೆ ಬಾಗಿಲಿಗೆ ಬಳಿಯುವ ಕೆಂಪು ಬಣ್ಣ ತಂದಿದ್ದರು. ಅಂತೋಣಿ ಅನ್ನುವ ಫೈಟರು, ಏಟು ತಿಂದು ಬಿದ್ದು ಸಾಯುವುದೇ ಅವನ ಕಸುಬು. ಬಣ್ಣ ಕಣ್ಣಿಗೆ ಹೋಗಿ ಅವನು ಸಾಯುವ ಮೊದಲೇ ಬೊಬ್ಬೆ ಹಾಕಿದ. ಮಿಠಾಯಿ ಬುಟ್ಟಿ ಹೊತ್ತು ನಿಂತಿದ್ದ ಓಬಕ್ಕ ಅಂತೋಣಿಯ ಕಣ್ಣು ತೊಳೆದಳು. ಇಷ್ಟಕ್ಕೆ ಬಣ್ಣ ಯಾಕೆ ಅಂದು ಗುಡಿಸಲಿಗೆ ಹೋಗಿ ಬೆಲ್ಲದ ಪಾಕಕ್ಕೆ ಅರಿಶಿನ ಕಲಸಿ, ಚಿಟಿಕೆ ಸುಣ್ಣ ಹಾಕಿದಳು. ಅರಿಶಿನ ಸುಣ್ಣ ಕೂಡಿದರೆ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ. ಆರತಿ ತಟ್ಟೆಯ ಓಕುಳಿ ಅದೇ ತಾನೆ. ಗಟ್ಟಿಗೆ ಒಂದಿಷ್ಟು ರಾಗಿ ಹಿಟ್ಟು, ಹಳೆಯ ನೆತ್ತರು ಬೇಕಾದರೆ ಬಾಣಲೆಯ ತಳದ ಮಸಿ. ದೃಷ್ಟಿ ತೆಗೆಯುವ ನೀರೇ ನೆತ್ತರಾಯಿತು. ತನ್ನನ್ನು ಆರತಿಗೆ ಕರೆಯದ ಊರಿನಲ್ಲಿ ಅವಳು ಹಂಡೆಗಟ್ಟಲೆ ಓಕುಳಿ ಕದಡಿದಳು.

ಅವತ್ತೇ ಇನ್ನೊಂದು ಸಂಗತಿ ನಡೆಯಿತು. ಅಂತೋಣಿ ಸತ್ತು ಬಿದ್ದಿದ್ದ. ರಮಾಕಾಂತ ಕಟ್ ಅಂದ, ಊಟ ಬಂತು, ಎಲ್ಲರೂ ಅತ್ತ ಹೋದರು. ಸತ್ತವನನ್ನು ಯಾರೂ ನೆನೆಸಲಿಲ್ಲ. ಕಾದ ಬಂಡೆ, ನೆತ್ತಿಯ ಬಿಸಿಲು, ಅಂತೋಣಿಗೆ ಕಣ್ಣು ಕತ್ತಲಿಟ್ಟು ಹಾಗೇ ಬಿದ್ದಿದ್ದ. ಓಬಕ್ಕ ಅದನ್ನು ಕಂಡಳು. ಇವನ ಹೆಸರೇನು ಅಂತ ಕೇಳಿಕೊಂಡು ಬಂದು, ತಲೆಯ ಹತ್ತಿರ ಕೂತು, ಅಂತೋಣಿ, ಏಳಪ್ಪ, ಅಂದಳು. ಏಳಲಿಲ್ಲ. ಇನ್ನೊಮ್ಮೆ ಕರೆದಳು. ಓ ಅಂದ. ಬಾಯಿಗೆ ಒಂದು ಚೂರು ಮಿಠಾಯಿ ಇಟ್ಟಳು. ಅವನು ಅಗಿಯುತ್ತ ಎದ್ದು ಕೂತ.

ಆ ಓ ಕೇಳಿ ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಂಡಳು ಅಂತಾರೆ. ಒಳಗೆ ಅತ್ತಳೋ ನಕ್ಕಳೋ ಗೊತ್ತಿಲ್ಲ.

ಅಂದಿನಿಂದ ಅಂತೋಣಿ ಓಬಕ್ಕ ಬಂದು ಹೆಸರು ಕರೆಯುವ ತನಕ ಏಳುತ್ತಿರಲಿಲ್ಲ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಒಬ್ಬ ಮಾತ್ರ, ಇದೆಲ್ಲ ಹೆಂಗಸರ ಆಟ ಅಂತ ತಾನೇ ಎದ್ದು ಪ್ಯಾಂಟು ಕೊಡವಿಕೊಂಡ. ಮರುದಿನ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಸಿನಿಮಾದವರಿಗೆ ಇಷ್ಟು ಸಾಕು. ಹೆಸರು ಕರೆಯದೆ ಸತ್ತವನು ಏಳಬಾರದು ಅನ್ನುವುದು ಶಾಸನವಾಯಿತು. ಸಿನಿಮಾದ ಹೆಸರಲ್ಲ, ಅವ್ವ ಇಟ್ಟ ಹೆಸರು. ಹೀರೋನ ಕೈಯಲ್ಲಿ ನಲವತ್ತು ಜನ ಉರುಳಿದರೆ ಓಬಕ್ಕ ಸೆರಗು ಸಿಕ್ಕಿಸಿಕೊಂಡು ಒಬ್ಬೊಬ್ಬರ ಹತ್ತಿರ ಕೂತು, ಕರೆದು, ಚೂರು ಮಿಠಾಯಿ ಇಟ್ಟು ಎಬ್ಬಿಸುವಳು. ಹೀರೋಗೆ ಇಲ್ಲ. ಹೀರೋ ಸಾಯುವುದಿಲ್ಲವಲ್ಲ, ಅವನಿಗೆ ಯಾಕೆ ಮಿಠಾಯಿ ಅನ್ನುವಳು. ಇದಕ್ಕಾಗಿ ಒಬ್ಬ ಹೀರೋ ಮುನಿಸಿಕೊಂಡು ಒಂದು ದಿನ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳಲಿಲ್ಲವಂತೆ.

ವರ್ಷಗಟ್ಟಲೆ ಇಷ್ಟೆಲ್ಲ ನೋಡುತ್ತ ಚನ್ನರಾಯಪ್ಪನಿಗೂ ಮುಖ ತೋರಿಸುವ ಆಸೆ ಹತ್ತಿತು. ತಾನೇ ದುಡ್ಡು ಹಾಕುತ್ತೇನೆ, ತನ್ನನ್ನು ಹೀರೋ ಮಾಡು ಅಂತ ರಮಾಕಾಂತನಿಗೆ ಅಂದ. ರಮಾಕಾಂತ ಅವನ ಹೊಟ್ಟೆ ನೋಡಿದ. ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. "ಅಣ್ಣಾ, ಹೀರೋಗೆ ಏನಿದೆ, ಅಳೋದು, ಓಡೋದು. ವಿಲನ್ ನೋಡಿ, ಬಿಳೀ ಶೂ, ಕೂಲಿಂಗ್ ಗ್ಲಾಸು, ಕೂತಲ್ಲಿಗೇ ಎಲ್ಲ ಬರುತ್ತೆ. ಹೀರೋ ಸಾಯೋದೇ ಇಲ್ಲ. ನೀವು ಹತ್ತು ನಿಮಿಷ ಸಾಯಬಹುದು."

ಚನ್ನರಾಯಪ್ಪ ಒಪ್ಪಿದ. ಕಥೆ ಏನು ಅಂತಲೂ ಕೇಳಲಿಲ್ಲ. ಊರಿನಲ್ಲಿ ಮಿಠಾಯಿ ತಿನ್ನುತ್ತ ಕಿವಿಗೆ ಬಿದ್ದದ್ದನ್ನೇ ರಮಾಕಾಂತ ಕಥೆ ಮಾಡಿದ್ದ. ಕಲ್ಲಿನ ಕ್ವಾರಿಯ ಒಬ್ಬ ಮಾಲೀಕ, ಕೂಲಿಗಳನ್ನು ಕಲ್ಲಿನಡಿ ಹೂತು ಹಾಕುತ್ತಾನೆ, ಕೊನೆಗೆ ಊರೇ ಕುಡುಗೋಲು ಹಿಡಿದು ಬಂದು ಅವನನ್ನು ಕೊಚ್ಚುತ್ತದೆ. ಚನ್ನರಾಯಪ್ಪ ತನ್ನದೇ ಅಂಗಿ ಹಾಕಿಕೊಂಡು, ತನ್ನದೇ ಕುರ್ಚಿಯಲ್ಲಿ ಕೂತು, ತಾನು ದಿನಾ ಆಡುವ ಮಾತನ್ನೇ ಆಡಿದ. ಎಂಥ ನಟನೆ ಅಂತ ಎಲ್ಲರೂ ಹೊಗಳಿದರು. ಅವನಿಗೆ ತನ್ನ ಗುರುತೇ ಸಿಗಲಿಲ್ಲ. ಮನುಷ್ಯನಿಗೆ ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಂತಾರಲ್ಲ, ಅವನಿಗೆ ಮುಖವೂ ಕಾಣುತ್ತಿರಲಿಲ್ಲ.

ಕೊಚ್ಚಲು ಜನ ಬೇಕಿತ್ತು. ರಮಾಕಾಂತ ಸೀಳುಗಲ್ಲಿನವರನ್ನೇ ಕರೆದ.

ಆ ಶೂಟಿಂಗಿನ ಹಿಂದಿನ ದಿನ ಸಂಜೆ ಓಬಕ್ಕ ಪಾಕಕ್ಕೆ ಬೆಲ್ಲ ಜಜ್ಜುತ್ತಿರುವಾಗ ಮೈದುನ ಯಲ್ಲಪ್ಪ ಬಂದು ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತ. ಕೊಟ್ಟಿರುವ ಕುಡುಗೋಲೆಲ್ಲ ಮರದ್ದು, ಬೆಳ್ಳಿ ಬಣ್ಣ ಬಳಿದದ್ದು ಅಂದ. ಅದರ ನಡುವೆ ಒಂದು ನಿಜದ್ದು ಇದ್ದರೆ ಯಾರ ಕೈಯದು ಅಂತ ಯಾರಿಗೆ ಗೊತ್ತಾಗುತ್ತದೆ ಅಂದ. ಊರೆಲ್ಲ ಮಾತಾಡಿಕೊಂಡಿದೆ, ಅತ್ತಿಗೆ ಹೂಂ ಅಂದರೆ ಸಾಕು ಅಂದ. ಪೊಲೀಸರ ಮಾತು ಅವಳು ಎತ್ತಿದಳು. ಅದಕ್ಕೆ ಯಲ್ಲಪ್ಪ ನಕ್ಕ. ಈ ಬಂಡೆಯ ಮೇಲೆ ಇಷ್ಟು ವರ್ಷ ಇಷ್ಟು ಜನ ಸತ್ತರಲ್ಲ, ಒಬ್ಬ ಪೊಲೀಸಿನವನು ಬಂದಿದ್ದುಂಟಾ ಅಂತ ಕೇಳಿದ. ಒಂದು ಸಲ ಒಬ್ಬ ಬಂದಿದ್ದ, ತನಗೊಂದು ಪಾರ್ಟು ಕೊಡಿ ಅಂತ ಕೇಳಿ ಹೋಗಿದ್ದ. ಕ್ಯಾಮೆರಾದ ಮುಂದಿನ ಸಾವು ಲೆಕ್ಕಕ್ಕಿಲ್ಲ ಅನ್ನುವುದು ಸೀಳುಗಲ್ಲಿನಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು. ಅವರು ಕಲಿತ ನ್ಯಾಯಶಾಸ್ತ್ರವೆಲ್ಲ ಟೆಂಟಿನ ಬಟ್ಟೆಯಿಂದ ತಾನೆ.

ಓಬಕ್ಕ ಬೆಲ್ಲ ಜಜ್ಜುವುದನ್ನು ನಿಲ್ಲಿಸಲಿಲ್ಲ. ಅವಳ ಎದೆಯೊಳಗೆ ಏನೋ ಕುಣಿಯಿತು ಅಂತಾರೆ. ಅವಳೂ ಟೆಂಟಿನಲ್ಲಿ ಕೂತು ಸಿಳ್ಳೆ ಕೇಳಿದವಳು. ಬಿಳೀ ಶೂ ಹಾಕಿದ ಕಾಲು ಒದ್ದಾಡುವುದನ್ನು ಅವಳು ಎಷ್ಟು ಸಲ ಕಣ್ಣು ಮುಚ್ಚಿ ನೋಡಿರಲಿಲ್ಲ. ಆದರೆ ಬೆಲ್ಲ ಪುಡಿಯಾಗುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಅವನು ಸತ್ತರೆ ಕದಿರಪ್ಪನ ಹೆಸರು ಹೇಳುವವರು ಯಾರು. ಆ ಬಾಯಿ ಮುಚ್ಚಿದರೆ ಕಲ್ಲು ಇದ್ದಲ್ಲೇ ಇರುತ್ತದೆ. ಇನ್ನೊಂದು ಹೆಣಕ್ಕೆ ಓಡಾಡುವ ಊರು ಹಳೆಯ ಹೆಣವನ್ನು ಇನ್ನೂ ಆಳಕ್ಕೆ ಹೂಳುತ್ತದೆ. ಎದುರಿಗೆ ಕೂತ ಯಲ್ಲಪ್ಪನನ್ನು ನೋಡಿದಳು. ಅವತ್ತು ನೆಲ ನೋಡಿದ್ದಕ್ಕೆ ಇವತ್ತು ಕುಡುಗೋಲು ಮಸೆಯುತ್ತಿದ್ದಾನೆ, ಪಾಪ, ಅನ್ನಿಸಿತು. ಅವನಿಗೂ ಅಣ್ಣನದೇ ಮೀಸೆ.

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕುಡುಗೋಲಿಗೆ ನೆತ್ತರು ಬಳಿಯುವುದು ನನ್ನ ಕೆಲಸ ತಾನೆ, ನಾಳೆ ನನ್ನ ಕೈಗೆ ಕೊಡು, ಅಂದಳು.

ಮರುದಿನ ಅವಳು ಎಂದೂ ಕಾಯಿಸದಷ್ಟು ನೆತ್ತರು ಕಾಯಿಸಿದಳು. ಊರಿನ ಬೆಲ್ಲವೆಲ್ಲ ಮುಗಿಯಿತು, ಆ ವಾರ ಯಾರ ಮನೆಯಲ್ಲೂ ಸಿಹಿ ಮಾಡಲಿಲ್ಲ ಅಂತಾರೆ. ಚನ್ನರಾಯಪ್ಪನ ಅಂಗಿಯೊಳಗೆ ನೆತ್ತರಿನ ಚೀಲಗಳನ್ನು ಅವಳೇ ಕಟ್ಟಿದಳು. ಇಷ್ಟು ಹತ್ತಿರದಿಂದ ಅವನನ್ನು ಅವಳು ನೋಡಿದ್ದು ಕಾಲು ಹಿಡಿದ ದಿನದ ನಂತರ ಅದೇ ಮೊದಲು. ಅವನು ಬೇರೆಲ್ಲೋ ನೋಡಿದ. ಚೀಲ ಬಿಗಿಯಾಯಿತು, ಸ್ವಲ್ಪ ಸಡಿಲ ಮಾಡು ಅಂದ. ಅವಳು ಮಾಡಿದಳು.

ಊರು ಸಾಲಾಗಿ ನಿಂತಿತು. ಯಲ್ಲಪ್ಪ ತನ್ನ ಕುಡುಗೋಲನ್ನು ಅವಳಿಗೆ ಕೊಟ್ಟ. ಅವಳು ಒಬ್ಬೊಬ್ಬರದಕ್ಕೂ ನೆತ್ತರು ಬಳಿದು ಕೊಡುತ್ತ ಬಂದಳು, ರಮಾಕಾಂತ ಕೂಗುವ ತನಕ ಯಲ್ಲಪ್ಪನದನ್ನು ತಡೆದಳು. ಕೂಗು ಬಂತು, ಕೈಗಿಟ್ಟಳು. ಓಡುತ್ತ ಓಡುತ್ತ ಯಲ್ಲಪ್ಪನಿಗೆ ಕೈ ಹಗುರ ಅನ್ನಿಸಿತು. ಮರ. ತಿರುಗಿ ನೋಡಿದ. ನಿಜದ್ದರ ಮೇಲೆ ಓಬಕ್ಕ ಕಾಲು ಮಡಚಿ ಕೂತಿದ್ದಳು, ಮೇಲೆ ಸೀರೆಯ ನೆರಿಗೆ. ಅವಳು ಅವನನ್ನು ನೋಡಲಿಲ್ಲ, ಕಲ್ಲಿನ ರಾಶಿ ನೋಡುತ್ತಿದ್ದಳು.

ಆದರೂ ಅವನು ಹೊಡೆದ. ಅಳುತ್ತ ಹೊಡೆದ. ಚನ್ನರಾಯಪ್ಪನ ಹೆಗಲ ಮೇಲೆ ಮರ ಮುರಿಯಿತು, ಚೀಲ ಒಡೆಯಿತು. ಆಮೇಲೆ ಊರೆಲ್ಲ ಹೊಡೆಯಿತು. ಚನ್ನರಾಯಪ್ಪ ಕೂಲಿಂಗ್ ಗ್ಲಾಸು ಬಿದ್ದುಹೋಗಿ ಆ ಮುಖಗಳನ್ನು ಬರಿಗಣ್ಣಲ್ಲಿ ನೋಡಿದ. ಇಷ್ಟು ವರ್ಷ ಅವನ ಮುಂದೆ ನೆಲ ನೋಡುತ್ತಿದ್ದ ಮುಖಗಳು. ಒಂದೂ ನಟಿಸುತ್ತಿರಲಿಲ್ಲ. ಹತ್ತು ನಿಮಿಷ ಸಾಯಬೇಕಿದ್ದವನು ಕಲಿತ ಡೈಲಾಗು ಮರೆತು ಒಂದೇ ಉಸಿರಿಗೆ ಬಿದ್ದ. ನೆತ್ತರು ಬಂಡೆಯ ಮೇಲೆ ಹರಿದು ಬಿಟ್ಟ ಗುಂಡಿಯ ಕಡೆಗೆ ಇಳಿಯಿತು.

ರಮಾಕಾಂತ ಕಟ್ ಅಂದ. ಇಂಥ ಸಾವು ನಾನು ನೋಡಿಲ್ಲ ಅಂತ ಅಡಿಕೆ ಉಗುಳಿದ.

ಜನ ಹಿಂದೆ ಸರಿದರು. ಓಬಕ್ಕ ಮಿಠಾಯಿ ಹಿಡಿದು ಹೋಗಿ ತಲೆಯ ಹತ್ತಿರ ಕೂತಳು. ಸುಮ್ಮನೆ ಕೂತಳು.

ಚನ್ನರಾಯಪ್ಪ ಕಣ್ಣು ಮುಚ್ಚಿಯೇ ಕಾದ. ಕುಂಬಳಕಾಯಿ ಒಡೆಯದೆ ಮದ್ದಿಗೆ ಬೆಂಕಿ ತೋರಿಸದ ಮನುಷ್ಯ ಅವನು, ಕರೆಯದೆ ಏಳುವ ಧೈರ್ಯವಿಲ್ಲ. ಬಿಸಿಲು ಏರಿತು. ಬೆಲ್ಲದ ವಾಸನೆಗೆ ಇರುವೆ ಬಂದವು, ನೊಣ ಬಂದವು. ಬಂಡೆಯ ನೆತ್ತಿಯಲ್ಲಿ ಕಟ್ಟಿದ್ದ ಹೆಜ್ಜೇನೂ ಒಂದೊಂದಾಗಿ ಇಳಿದು ಅವನ ಎದೆಯ ಮೇಲೆ ಕೂತವು. ಅವನು ತುಟಿ ಅಲ್ಲಾಡಿಸದೆ, ಓಬಮ್ಮ, ಕರೀ, ಅಂದ.

ಆಗ ಓಬಕ್ಕ ಹೇಳಿದಳು, ಅವನು ಅವತ್ತು ಹೇಳಿದಷ್ಟೇ ಮೆತ್ತಗೆ: "ಆ ಹೆಸರಿನವರು ಯಾರೂ ಇವತ್ತು ಕೆಲಸಕ್ಕೆ ಬಂದಿಲ್ಲವಲ್ಲ ಸಾಮಿ."

ಊರಿಗೆ ಅರ್ಥವಾಯಿತು. ನಿಂತವರು ಒಬ್ಬೊಬ್ಬರಾಗಿ ಕಲ್ಲಿನ ಮೇಲೆ ಕೂತರು, ಮರದ ಕುಡುಗೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ದುಡ್ಡು ಹಾಕಿದ ಮನುಷ್ಯ, ನೀನಾದರೂ ಕರೆಯೋ, ಅಂತ ರಮಾಕಾಂತ ಅಂತೋಣಿಯನ್ನು ತಿವಿದ. ಅಂತೋಣಿ ಆಗಲೇ ಏಟು ತಿನ್ನುವ ವಯಸ್ಸು ದಾಟಿದ್ದ, ಈಗ ಸಾಯುವುದನ್ನು ಬೇರೆಯವರಿಗೆ ಕಲಿಸುತ್ತಿದ್ದ. ಅದು ನನ್ನ ಬಾಯಿಂದ ಆಗುವ ಕೆಲಸ ಅಲ್ಲ ಅಂದ. ಹಿಂದಿನಿಂದ ಯಲ್ಲಪ್ಪ, ಕರೀಬೇಡ ಅತ್ತಿಗೆ, ಜೇನೇ ನೋಡಿಕೊಳ್ಳಲಿ, ಅಂದ.

ಎಷ್ಟು ಹೊತ್ತು ಅವನು ಹಾಗೆ ಬಿದ್ದಿದ್ದ ಅನ್ನುವುದನ್ನು ಕೇಳಬೇಡಿ. ಕೆಲವರು ನೆರಳು ತಿರುಗುವ ತನಕ ಅಂತಾರೆ, ಕೆಲವರು ಮೂರು ದಿನ ಅಂತಾರೆ, ಮೂರು ದಿನ ಅನ್ನುವವರು ಹೆಚ್ಚು. ಯಾರೂ ಅವನನ್ನು ಕಟ್ಟಿ ಹಾಕಿರಲಿಲ್ಲ. ಎದ್ದು ಹೋಗಬಹುದಿತ್ತು. ಯಾಕೆ ಹೋಗಲಿಲ್ಲ ಅಂದರೆ ಜೇನಿನ ಭಯ ಅಂತ ಗಂಡಸರು ಹೇಳುತ್ತಾರೆ. ಹೆಂಗಸರು ಬೇರೆ ಹೇಳುತ್ತಾರೆ. ನೂರು ಜನ ಸುತ್ತ ಕೂತು, ನೀನು ಇಲ್ಲ ಅಂದರೆ, ಮನುಷ್ಯ ತಾನು ಇದ್ದೇನೆ ಅನ್ನುವುದನ್ನು ಎಲ್ಲಿಂದ ತರುತ್ತಾನೆ ಅಂತಾರೆ.

ಓಬಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದು ಕಂಡಿತು. ಬಿಳೀ ಶೂ ಒಳಗೆ ಪಾದ ನಡುಗುತ್ತಿದ್ದದ್ದು ಕಂಡಿತು. ಒಂದು ಇರುವೆ ಅವನ ಕೆನ್ನೆ ಹತ್ತಿ ಕಣ್ಣಿನ ಕಡೆಗೆ ಹೊರಟಿತ್ತು. ಕದಿರಪ್ಪನ ಕಣ್ಣಿಗೂ ಹೀಗೇ ಹೋಗಿರಬೇಕು, ಓಡಿಸಲು ಕೈ ಆಡಿರಲಿಕ್ಕಿಲ್ಲ, ಅನ್ನಿಸಿತು. ಅವಳು ಬಗ್ಗಿ ಆ ಇರುವೆಯನ್ನು ಬೆರಳಲ್ಲಿ ತೆಗೆದು ಆಚೆ ಬಿಟ್ಟಳು.

ಆ ಬೆರಳು ತಾಗಿದ್ದೇ ಚನ್ನರಾಯಪ್ಪನ ಬಾಯಿ ಬಿಟ್ಟಿತು.

"ಬಂದಿದ್ದ," ಅಂದ. "ಕದಿರಪ್ಪ ಅವತ್ತು ಬಂದಿದ್ದ. ನೋಡದೆ ಬತ್ತಿ ಹಚ್ಚಿಸಿದೆ." ಕಣ್ಣು ಮುಚ್ಚಿಯೇ ಇತ್ತು, ಅದರಿಂದ ನೀರು ಇಳಿದು ನೆತ್ತರಿಗೆ ಸೇರಿತು. "ಅವನು ಓ ಅಂದಿದ್ದು ನನಗೂ ಕೇಳಿಸಿತ್ತು."

ಇಷ್ಟು ವರ್ಷ ಆ ಓ ತನಗೊಬ್ಬಳಿಗೇ ಕೇಳಿಸಿದ್ದು, ಗುಡ್ಡವೋ ಏನೋ, ಹುಚ್ಚೋ ಏನೋ, ಅಂತ ಓಬಕ್ಕ ತನ್ನೊಳಗೇ ಅಂದುಕೊಂಡು ಬದುಕಿದ್ದಳು. ಈಗ ಅದಕ್ಕೆ ಇನ್ನೊಂದು ಕಿವಿ ಸಿಕ್ಕಿತು. ಆ ಕಿವಿ ಯಾರದು ಅನ್ನುವುದಕ್ಕಿಂತ, ಕದಿರಪ್ಪ ನಿಜಕ್ಕೂ ತನಗೆ ಓ ಅಂದಿದ್ದ ಅನ್ನುವುದೇ ಅವಳಿಗೆ ದೊಡ್ಡದಾಯಿತು. ಅವಳು ಸೆರಗಿನಿಂದ ಚನ್ನರಾಯಪ್ಪನ ಮುಖ ಒರೆಸಿದಳು. ಜೇನುಗಳು ಕಚ್ಚದೆ ಎದ್ದು ಹೋದವು ಅಂತಾರೆ. ಒಂದೆರಡು ಕಚ್ಚಿದವು, ಮೂಗು ಊದಿತ್ತು, ಅಂತಲೂ ಅಂತಾರೆ. ಬಾಯಿಗೆ ಮಿಠಾಯಿ ಇಟ್ಟಳು.

"ಚನ್ನರಾಯಪ್ಪ, ಏಳಪ್ಪ. ಏಳು, ಕಲ್ಲು ತೆಗಿ."

ಅವನು ಎದ್ದ. ಮಿಠಾಯಿ ಬಾಯಲ್ಲೇ ಇತ್ತು. ಬಿಳೀ ಶೂ ಕಳಚಿ ಗುಂಡಿಗೆ ಇಳಿದು ಮೊದಲನೆಯ ಕಲ್ಲಿಗೆ ಅವನೇ ಕೈ ಹಾಕಿದ. ಎರಡನೆಯದಕ್ಕೆ ಯಲ್ಲಪ್ಪ ಬಂದ. ಕೊಲ್ಲಬೇಕೆಂದಿದ್ದವನೂ ಕೊಂದವನೂ ಒಂದೇ ಹಾರೆ ಹಿಡಿದು ಕದಿರಪ್ಪನ ಮೇಲಿನ ಕಲ್ಲನ್ನು ಮೀಟಿದರು. ಆಮೇಲೆ ಊರೆಲ್ಲ ಇಳಿಯಿತು, ಸಿನಿಮಾದವರೂ ಇಳಿದರು. ಹೀರೋ ಕೂಡ ಎರಡು ಕಲ್ಲು ಎತ್ತಿದನಂತೆ. ಸಣ್ಣವೇ.

ಕದಿರಪ್ಪ ಸಿಕ್ಕ. ಅವನಲ್ಲಿ ಉಳಿದಿದ್ದಷ್ಟು ಸಿಕ್ಕಿತು. ಅವನ ಕೈಯ ಮೂಳೆಯ ಹತ್ತಿರ ಬಂಡೆಯ ಮೇಲೆ ಗೀರುಗಳಿದ್ದವು ಅಂತ ಕೆಲವರು ಹೇಳುತ್ತಾರೆ. ಅದನ್ನು ಓಬಕ್ಕ ಯಾರಿಗೂ ನೋಡಲು ಬಿಡಲಿಲ್ಲ, ಸೆರಗು ಹೊದಿಸಿದಳು. ಊರ ಹೆಂಗಸರು ಅವತ್ತು ಅವಳ ಹಣೆಯ ಕುಂಕುಮ ಅಳಿಸಬೇಕಿತ್ತು. ಯಾರಿಗೂ ಕೈ ಬರಲಿಲ್ಲ. ಇರಲಿ ಬಿಡಿ, ಇಷ್ಟು ದಿನ ನೀವು ಯಾವ ಕಡೆಗೂ ಸೇರಿಸಲಿಲ್ಲ, ಇನ್ನು ನಾನೇ ನೋಡಿಕೊಳ್ಳುತ್ತೇನೆ, ಅಂತ ಅವಳೇ ಅಂದಳು. ಸಾಯುವ ತನಕ ಅವಳ ಹಣೆ ಕೆಂಪಾಗೇ ಇತ್ತು. ಯಾರೂ ಕೇಳಲಿಲ್ಲ.

ಚನ್ನರಾಯಪ್ಪ ಪಟ್ಟಣಕ್ಕೆ ಹೋಗಿ ತಾನು ಮಾಡಿದ್ದನ್ನು ಹೇಳಿದ, ಜೈಲು ಕಂಡ ಅಂತಾರೆ. ಅಲ್ಲಿಂದ ಬಂದ ಮೇಲೆ ಕ್ವಾರಿಗೆ ಕಾಲಿಡಲಿಲ್ಲ. ಯಾವುದೋ ದೂರದ ಊರಿನ ಸಿನಿಮಾಗಳಲ್ಲಿ ಏಟು ತಿಂದು ಸಾಯುವ ಪಾರ್ಟು ಮಾಡುತ್ತಿದ್ದ, ಎಲ್ಲರೂ ಎದ್ದು ಹೋದ ಮೇಲೂ ಅವನೊಬ್ಬ ಬಿದ್ದೇ ಇರುತ್ತಿದ್ದ, ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದ, ಹೀಗೆ ಕಂಡವರಿದ್ದಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ರಮಾಕಾಂತನ ಸಿನಿಮಾ ಟೆಂಟಿಗೆ ಬಂತು, ಒಂದು ವಾರವೂ ಓಡಲಿಲ್ಲ. ವಿಲನ್ ಸಾಯುವುದು ಸಪ್ಪೆ ಅಂತ ಬೇರೆ ಊರಿನವರು ಕುರ್ಚಿ ಮುರಿದರು. ಸೀಳುಗಲ್ಲಿನವರು ಮಾತ್ರ ಸಿಳ್ಳೆ ಹಾಕದೆ ನೋಡಿದರು.

ಓಬಕ್ಕ ಆಮೇಲೂ ಬಹಳ ಕಾಲ ನೆತ್ತರು ಕಾಯಿಸಿದಳು, ಸತ್ತವರನ್ನು ಕರೆದಳು. ಒಂದು ದಿನ ಒಲೆಯ ಮುಂದೆ ಕೂತಲ್ಲೇ ಹೋದಳು. ಅಂತೋಣಿ ದೂರದ ಊರಿಂದ ಬಂದು ಅವಳ ತಲೆಯ ಹತ್ತಿರ ಕೂತು ಓಬಳಮ್ಮಾ ಅಂತ ಕರೆದನಂತೆ. ಅವಳು ಏಳಲಿಲ್ಲ. ಎದ್ದಳು ಅಂತ ಯಾರೂ ಹೇಳುವುದಿಲ್ಲ, ಇಷ್ಟೆಲ್ಲ ಕಥೆ ಕಟ್ಟುವ ಊರಿನಲ್ಲೂ.

ಈಗ ಗುಡ್ಡಕ್ಕೆ ಬೇರೆ ಮಾಲೀಕರು, ಬೇರೆ ಯಂತ್ರ. ಆದರೂ ಸೀಳುಗಲ್ಲಿನಲ್ಲಿ ಮದ್ದಿಗೆ ಬೆಂಕಿ ತೋರಿಸುವ ಮೊದಲು ಒಬ್ಬ ಬಂಡೆ ಹತ್ತಿ ಪ್ರತಿಯೊಬ್ಬರ ಹೆಸರನ್ನೂ ಕೂಗುತ್ತಾನೆ. ಕೊನೆಯ ಉತ್ತರ ಬರುವ ತನಕ ಲಾರಿ ಕಾಯಬೇಕು, ಇಂಜಿನಿಯರು ಕಾಯಬೇಕು. ಇನ್ನೊಂದು ಪದ್ಧತಿಯೂ ಇದೆ, ಅದು ಬೇರೆಲ್ಲೂ ಇದ್ದಂತಿಲ್ಲ. ಮಗುವಿಗೆ ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ ಪಿಸುಗುಟ್ಟಿದರೆ ಶಾಸ್ತ್ರ ಮುಗಿಯುವುದಿಲ್ಲ. ಮಗುವನ್ನು ಎತ್ತಿಕೊಂಡು ಎಲ್ಲರೂ ಕ್ವಾರಿಯ ಅಂಚಿಗೆ ಹೋಗುತ್ತಾರೆ. ಅಪ್ಪನಾದವನು ಆ ಹೆಸರನ್ನು ಬಂಡೆಗೆ ಕೇಳುವ ಹಾಗೆ ಕೂಗಬೇಕು. ಇಂಥವರು ಇರಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು, ಬಂಡೆಯಾದರೂ ಸಾಕ್ಷಿ ಇರಲಿ ಅಂತ. ಈಗಿನ ಹೆಸರುಗಳೋ ನಾಲಿಗೆ ಹೊರಳದಂಥವು, ನಾಚಿಕೆಗೆ ಅಪ್ಪಂದಿರು ಅರ್ಧ ದನಿಯಲ್ಲಿ ಕೂಗುತ್ತಾರೆ. ಬಂಡೆಗೆ ಕೇಳಿಸಲಿಲ್ಲ ಕಣೋ, ಇನ್ನೊಂದು ಸಲ, ಅಂತ ಹಿಂದಿನಿಂದ ಯಾವುದಾದರೂ ಮುದುಕಿ ಗದರುತ್ತಾಳೆ. ಅವನು ಎದೆ ತುಂಬಿ ಕೂಗುತ್ತಾನೆ. ಮಗು ಬೆಚ್ಚಿ ಅಳಲು ಶುರು ಮಾಡುತ್ತದೆ, ಎದುರಿನ ಗುಡ್ಡದಲ್ಲೂ ಒಂದು ಮಗು ಅಳುತ್ತದೆ. ಸಾಕು, ಇನ್ನು ಊಟಕ್ಕೆ ನಡೀರಿ, ಅನ್ನುತ್ತಾರೆ.